ವಿಟಮಿನ್ ಸಿ ಡಬ್ಬಿಯ ಹಿಂಬದಿ ಓದಿ

ವಿಟಮಿನ್ ಸಿ ಮಾತ್ರೆ ಕೊಳ್ಳುವಾಗ ಡಬ್ಬಿಯ ಮುಂದಿನ ದೊಡ್ಡ ಅಕ್ಷರ ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ. ನನ್ನ ಡಬ್ಬಿ ಮೇಲೆ 'ಬಯೋಫ್ಲೇವನಾಯ್ಡ್ ಸಹಿತ' ಅಂತ ದಪ್ಪಗೆ ಬರೆದಿತ್ತು. ಬಯೋಫ್ಲೇವನಾಯ್ಡ್ ಅಂದರೆ ಹಣ್ಣು, ತರಕಾರಿಗಳಲ್ಲಿ ಇರುವ ಒಂದು ಬಗೆಯ ಸಸ್ಯಾಂಶ. ತಿರುಗಿಸಿ ನೋಡಿದರೆ ವಿಟಮಿನ್ ಸಿ 1000 ಮಿಲಿಗ್ರಾಂ, ಬಯೋಫ್ಲೇವನಾಯ್ಡ್ ಬರೀ 25! ಕಿತ್ತಳೆ ಸಿಪ್ಪೆಯ ಒಳಗೆ ಬಿಳಿ ನಾರು ಇರುತ್ತದಲ್ವಾ, ನಾವು ಬಿಡಿಸಿ ಬಿಸಾಡುವುದು, ಅದರಲ್ಲೇ ಇದು ಧಾರಾಳವಾಗಿ ಸಿಗುತ್ತದೆ. 1930ರ ದಶಕದಲ್ಲಿ ಇದಕ್ಕೆ 'ವಿಟಮಿನ್ ಪಿ' ಅಂತ ಹೆಸರಿಟ್ಟಿದ್ದರು. ಆಮೇಲೆ ಇದು ವಿಟಮಿನ್ನೇ ಅಲ್ಲ ಅಂತ ಕೈಬಿಟ್ಟರು.

ದೊಡ್ಡವರಿಗೆ ದಿನಕ್ಕೆ 75ರಿಂದ 90 ಮಿಲಿಗ್ರಾಂ ವಿಟಮಿನ್ ಸಿ ಸಾಕು. ಸಿಗರೇಟು ಸೇದುವವರಿಗೆ ಇನ್ನೊಂದು 35 ಬೇಕು. ಒಂದೇ ಸಲಕ್ಕೆ 1000 ದಾಟಿಸಿದರೆ ದೇಹ ಅರ್ಧಕ್ಕಿಂತ ಕಮ್ಮಿ ಹೀರಿಕೊಳ್ಳುತ್ತದೆ, ಮಿಕ್ಕಿದ್ದು ಸುಮ್ನೆ ಹೊರಗೆ ಹೋಗುತ್ತದೆ. ದಿನಕ್ಕೆ 2000 ಮೀರಿದರೆ ಹೊಟ್ಟೆ ಕೆಡಬಹುದು.

ನೆಗಡಿ ಬಾರದಂತೆ ಇದು ತಡೆಯುತ್ತದೆ ಅನ್ನುವುದು ಅತಿಯಾಸೆ. ದಿನಾ ತೆಗೆದುಕೊಳ್ಳುತ್ತಿದ್ದರೆ ನೆಗಡಿ ಸ್ವಲ್ಪ ಬೇಗ ಬಿಡಬಹುದು, ಅಷ್ಟೇ. ಮೂಗು ಸೋರಲು ಶುರುವಾದ ಮೇಲೆ ನುಂಗಿದರೆ ಅಷ್ಟೇನೂ ಪ್ರಯೋಜನವಿಲ್ಲ. ನನ್ನ ಪ್ರಕಾರ ನಿಜವಾದ ಲಾಭ ಬೇರೆ ಕಡೆ ಇದೆ: ಗಾಯ ಮಾಯಲು, ಒಸಡು ಗಟ್ಟಿಯಾಗಿರಲು ಇದು ಬೇಕೇ ಬೇಕು. ಊಟದ ಜೊತೆ ತೆಗೆದುಕೊಂಡರೆ ಸೊಪ್ಪು, ಕಾಳುಗಳ ಕಬ್ಬಿಣದ ಅಂಶವೂ ಚೆನ್ನಾಗಿ ಮೈಗೆ ಹತ್ತುತ್ತದೆ.

ಮೂತ್ರಪಿಂಡದ ಕಲ್ಲು ಆಗಿದ್ದವರು ಡಾಕ್ಟರನ್ನು ಕೇಳದೆ ಜಾಸ್ತಿ ಡೋಸ್ ಮುಟ್ಟಬೇಡಿ. ಮನೆಯಲ್ಲೇ ಶುಗರ್ ನೋಡಿಕೊಳ್ಳುವವರೂ ಅಷ್ಟೇ, ಡೋಸ್ ಜಾಸ್ತಿಯಾದರೆ ಕೆಲವು ಮೀಟರ್‌ಗಳು ತಪ್ಪು ಲೆಕ್ಕ ತೋರಿಸುತ್ತವೆ.