ಕರ್ನಲ್‌ನಲ್ಲಿ ಲಾಕ್ ಹಾಕುವುದು ಹೇಗೆ?

ಕೌಂಟರ್‌ಗೆ ಒಂದು ಕೂಡಿಸುವುದು ಒಂದೇ ಕೆಲಸ ಅನ್ನಿಸುತ್ತದೆ, ಅಲ್ವಾ? ಸಿಪಿಯುಗೆ ಅದು ಸಾಮಾನ್ಯವಾಗಿ ಮೂರು ಕೆಲಸ: ಮೆಮೊರಿಯಿಂದ ಓದು, ಕೂಡಿಸು, ವಾಪಸ್ ಬರೆ. ಕೌಂಟರ್‌ನಲ್ಲಿ 7 ಇದೆ ಅನ್ನಿ. ಎರಡು ಸಿಪಿಯುಗಳು ಒಟ್ಟಿಗೇ 7 ಓದಿಕೊಂಡು, ಎರಡೂ 8 ಬರೆಯುತ್ತವೆ. 9 ಆಗಬೇಕಿದ್ದದ್ದು 8ಕ್ಕೇ ನಿಂತಿತು. ಇದೇ ರೇಸ್ ಕಂಡೀಷನ್. ಲಿಂಕ್ಡ್ ಲಿಸ್ಟ್‌ನಲ್ಲಿ ಮುಂದಿನ ಅಂಶ ಎಲ್ಲಿದೆ ಅಂತ ತೋರಿಸುವ ಪಾಯಿಂಟರ್ ಹೀಗೆ ಕೆಟ್ಟರೆ ಇಡೀ ಸಿಸ್ಟಮ್ಮೇ ಮಕಾಡೆ ಮಲಗಬಹುದು.

ಇದನ್ನು ತಡೆಯುವುದೇ ಲಾಕ್, ಅಂದರೆ ಒಮ್ಮೆಗೆ ಒಬ್ಬರನ್ನು ಮಾತ್ರ ಡೇಟಾ ಮುಟ್ಟಲು ಬಿಡುವ ಬೀಗ. ಲಿನಕ್ಸ್‌ನ ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ, ಅದನ್ನು ಹಾಕುವ ಬಗೆ ನೋಡೋಣ. ಮೊದಲು ಆ ಡೇಟಾವನ್ನು ಯಾರ್ಯಾರು ಮುಟ್ಟುತ್ತಾರೆ ಅಂತ ಪಟ್ಟಿ ಮಾಡಿ. ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಕರ್ನಲ್‌ಗೆ ಕೊಡುವ ಕರೆ)? ಟೈಮರ್? ಇಂಟರಪ್ಟ್ ಹ್ಯಾಂಡ್ಲರ್ (ಹಾರ್ಡ್‌ವೇರ್ ನಡುವೆ ಕರೆದಾಗ ಓಡುವ ಕೋಡ್)? ಯಾವ ಲಾಕ್ ಬೇಕು ಅನ್ನುವುದು ಈ ಪಟ್ಟಿಯಿಂದಲೇ ಗೊತ್ತಾಗುತ್ತದೆ. ಪಟ್ಟಿ ಮಾಡದೆ ಸುಮ್ನೆ ಸಿಕ್ಕ ಕಡೆಯೆಲ್ಲ ಲಾಕ್ ಹಾಕುವವರೇ ಜಾಸ್ತಿ.

ಬರೀ ಒಂದು ಸಂಖ್ಯೆಯಾದರೆ ಅಟಾಮಿಕ್ ವೇರಿಯಬಲ್ (ಓದು, ಕೂಡಿಸು, ಬರೆ ಮೂರನ್ನೂ ಒಂದೇ ಏಟಿಗೆ ಮುಗಿಸುವಂಥದ್ದು) ಸಾಕು, ಲಾಕ್ ಬೇಡ.

ಡಿಸ್ಕ್ ಓದುವಂಥ, ನಡುವೆ ನಿದ್ದೆಗೆ ಜಾರಬಹುದಾದ (ಅಂದರೆ ಸಿಪಿಯು ಬಿಟ್ಟುಕೊಟ್ಟು ಕಾಯುವ) ಕೆಲಸವಿದ್ದರೆ ಮ್ಯೂಟೆಕ್ಸ್ ಎಂಬ ಲಾಕ್ ಬಳಸಿ. ಲಾಕ್ ಸಿಗದ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಮಲಗುತ್ತದೆ, ಸಿಪಿಯು ಬೇರೆ ಕೆಲಸ ನೋಡಿಕೊಳ್ಳುತ್ತದೆ.

ಆದರೆ ಇಂಟರಪ್ಟ್ ಹ್ಯಾಂಡ್ಲರ್ ಮಲಗುವಂತಿಲ್ಲ. ಪಟ್ಟಿಯಲ್ಲಿ ಅದೂ ಇದ್ದರೆ ಸ್ಪಿನ್‌ಲಾಕೇ ಗತಿ. ಲಾಕ್ ಸಿಗುವ ತನಕ ಸಿಪಿಯು ನಿಂತಲ್ಲೇ ಸುತ್ತುತ್ತಿರುತ್ತದೆ. ಆದ್ದರಿಂದ ಹಿಡಿದ ಲಾಕನ್ನು ಬೇಗ ಬಿಡಿ. ಲಾಕ್ ಹಿಡಿದಿರುವಾಗ ಜಿಎಫ್‌ಪಿ_ಕರ್ನಲ್ (GFP_KERNEL, ಮೆಮೊರಿ ಕೇಳುವಾಗ ಕೊಡುವ ಒಂದು ಫ್ಲ್ಯಾಗ್) ಕೊಟ್ಟು ಮೆಮೊರಿ ಕೇಳಬೇಡಿ, ಅದು ನಿದ್ದೆಗೆ ಜಾರಬಹುದು. ಬೇಕಾದ ಮೆಮೊರಿಯನ್ನು ಮೊದಲೇ ತೆಗೆದಿಟ್ಟುಕೊಳ್ಳುವುದೇ ಮೇಲು.

ಇಲ್ಲೊಂದು ತೊಡಕಿದೆ. ಪ್ರೊಸೆಸ್ ಸ್ಪಿನ್‌ಲಾಕ್ ಹಿಡಿದಿದೆ. ಅದೇ ಸಿಪಿಯುಗೆ ಇಂಟರಪ್ಟ್ ಬಂತು, ಹ್ಯಾಂಡ್ಲರ್‌ಗೂ ಅದೇ ಲಾಕ್ ಬೇಕು. ಹ್ಯಾಂಡ್ಲರ್ ಮುಗಿಯದೆ ಪ್ರೊಸೆಸ್ ಮುಂದೆ ಹೋಗದು, ಪ್ರೊಸೆಸ್ ಲಾಕ್ ಬಿಡದೆ ಹ್ಯಾಂಡ್ಲರ್ ಮುಗಿಯದು. ಅಲ್ಲಿಗೆ ಡೆಡ್‌ಲಾಕ್. ಅದಕ್ಕೇ ಪ್ರೊಸೆಸ್ ಕಡೆಯ ಕೋಡ್‌ನಲ್ಲಿ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ (spin_lock_irqsave) ಬಳಸಿ ಲಾಕ್ ಹಿಡಿಯಬೇಕು. ಲಾಕ್ ಬಿಡುವ ತನಕ ಆ ಸಿಪಿಯುನಲ್ಲಿ ಇಂಟರಪ್ಟ್ ತಡೆದಿರುತ್ತದೆ.

ಎಲ್ಲಕ್ಕೂ ಒಂದೇ ದೊಡ್ಡ ಲಾಕ್ ಹಾಕಿದರೆ ಸಾಲದೇ? ಲಿನಕ್ಸ್ 2.0ರಲ್ಲಿ ಹಾಗೇ ಮಾಡಿದ್ದರು. ಒಂದು ಸಿಪಿಯು ಕರ್ನಲ್ ಒಳಗಿದ್ದರೆ ಮಿಕ್ಕವು ಕಾಯಬೇಕಿತ್ತು. ಆ ‘ಬಿಗ್ ಕರ್ನಲ್ ಲಾಕ್’ ಪೂರ್ತಿ ಹೋಗಿದ್ದು 2011ರಲ್ಲಿ, 2.6.39ರ ಹೊತ್ತಿಗೆ.

ಲಾಕ್‌ಗಳು ಎರಡಾದರೆ ಹಿಡಿಯುವ ಕ್ರಮ ಎಲ್ಲ ಕಡೆ ಒಂದೇ ಇರಲಿ. ಒಬ್ಬರು ‘ಎ’ ಹಿಡಿದು ‘ಬಿ’ಗೆ, ಇನ್ನೊಬ್ಬರು ‘ಬಿ’ ಹಿಡಿದು ‘ಎ’ಗೆ ಕಾದರೆ ಇಬ್ಬರೂ ಅಲ್ಲೇ ಬಾಕಿ. ಪರೀಕ್ಷೆಗೆ ಲಾಕ್‌ಡೆಪ್ (ಲಾಕ್ ಹಿಡಿಯುವ ಕ್ರಮ ಗಮನಿಸುವ, ಕರ್ನಲ್‌ನದೇ ಸಾಧನ) ಆನ್ ಮಾಡಿದ ಕರ್ನಲ್ ಬಳಸಿ. ಡೆಡ್‌ಲಾಕ್ ನಿಜವಾಗಿ ಆಗದಿದ್ದರೂ, ಎರಡು ಕ್ರಮಗಳನ್ನೂ ಒಂದೊಂದು ಸಲ ಕಂಡರೆ ಸಾಕು, ಅದು ಲಾಗ್‌ನಲ್ಲಿ ಎಚ್ಚರಿಸುತ್ತದೆ.