ಒಳಗೆ ಶಹಾಬಾದಿ ಫರಸಿ, ಹೊರಗೆ ಕಟ್ಟಿಗೆ ಕದ: ಕೈಗೆಟುಕುವ ಬಟ್ಟೆ ಅಲಮಾರಿ

ಮಲಗುವ ಕೋಣೆಗೆ ಅಲಮಾರಿ ಮಾಡಿಸಬೇಕೆಂದ ಕೂಡಲೇ ಕಲಬುರಗಿಯಲ್ಲೂ ಈಗ ಎಲ್ಲರ ಬಾಯಲ್ಲಿ ಮೊದಲು ಬರುವ ಮಾತು ಪ್ಲೈವುಡ್. ಆರು ಫೂಟು ಅಗಲ, ಏಳು ಫೂಟು ಎತ್ತರ, ಎರಡು ಫೂಟು ಆಳದ ಪೂರ್ತಿ ಪ್ಲೈ ಅಲಮಾರಿಗೆ ಒಳಮೈಗೇ ಮೂರರಿಂದ ನಾಲ್ಕು ಶೀಟು 18 ಮಿ.ಮೀ. ಪ್ಲೈ ಬೇಕು. ಕದಕ್ಕೆ ಇನ್ನೆರಡು, ಬೆನ್ನಿಗೆ 6 ಮಿ.ಮೀ.ದು ಎರಡು. ಇದರಲ್ಲಿ ಕಣ್ಣಿಗೆ ಕಾಣುವುದು ಕದ ಮಾತ್ರ. ಉಳಿದ ದುಡ್ಡೆಲ್ಲ ಕತ್ತಲಲ್ಲಿ ಕೂತಿರುತ್ತದೆ, ಅದೂ ಗೆದ್ದಲಿಗೆ ಊಟವಾಗಿ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಫರಸಿ ಕಲ್ಲು ಮನೆ ಬಾಗಿಲಲ್ಲೇ ಸಿಗುವಾಗ ಒಳಮೈಯನ್ನು ಕಲ್ಲಿನಲ್ಲಿ ಕಟ್ಟಿಸಿ ಕಟ್ಟಿಗೆಯ ಖರ್ಚನ್ನು ಕದಕ್ಕಷ್ಟೇ ಇಟ್ಟುಕೊಳ್ಳುವುದು ಜಾಣತನ. ಹಳೇ ಮನೆಗಳ ಗೋಡೆಗೂಡು, ಮಾಡಗಳಲ್ಲಿ ಇದೇ ಕಲ್ಲು ಇಂದಿಗೂ ಅಲುಗದೆ ಕೂತಿದೆ.

ಇದು ಸ್ವಂತ ಮನೆಯವರ ಮಾತು. ಬಾಡಿಗೆ ಮನೆಯಾದರೆ ಕಲ್ಲು ಬೇಡ, ಕಬ್ಬಿಣದ ತಿಜೋರಿ, ಅಂದರೆ ಬೀರುವೇ ಸರಿ. ಬಿಟ್ಟು ಹೋಗುವಾಗ ಅದು ಕೂಡ ಬರುತ್ತದೆ.

ಗೌಂಡಿಯನ್ನು ಕರೆಯುವ ಮೊದಲು ಬಟ್ಟೆಯನ್ನೆಲ್ಲ ಮಂಚದ ಮೇಲೆ ಹರವಿ ಎರಡು ಗುಡ್ಡೆ ಮಾಡಿ: ತೂಗುಹಾಕುವವು, ಮಡಚಿಡುವವು. ಹ್ಯಾಂಗರಿನ ಅಗಲ 17ರಿಂದ 18 ಇಂಚು, ಆದ್ದರಿಂದ ತೂಗುವ ಕಡೆ ಒಳ ಆಳ 22 ಇಂಚು ಬೇಕೇ ಬೇಕು. 18 ಇಂಚು ಮಾಡಿಸಿದವರ ಮನೆಯಲ್ಲಿ ಅಂಗಿಯ ತೋಳು ಕದದ ಸಂದಿಗೆ ಸಿಕ್ಕಿ ದಿನಾ ಸುಕ್ಕಾಗುತ್ತದೆ. ಅಂಗಿ, ಕುರ್ತಾ, ಹ್ಯಾಂಗರಿಗೆ ಮಡಚಿ ಹಾಕಿದ ಸೀರೆಗೆ ಹ್ಯಾಂಗರ್ ತೂಗುವ ಕೊಳವೆಯಿಂದ ಕೆಳಗೆ 42 ಇಂಚು ಸಾಕು, ಉದ್ದನೆಯ ಗೌನು, ಶೇರವಾನಿಗೆ 56ರಿಂದ 60 ಬೇಕು. ಮಡಚಿಡುವ ಬಟ್ಟೆಗೆ 22 ಇಂಚು ಆಳ ಕೊಟ್ಟರೆ ಹಿಂದಿನ ಸಾಲು ವರ್ಷಗಟ್ಟಲೆ ಹೊರಗೆ ಬರುವುದಿಲ್ಲ. ಅಲ್ಲಿ 16 ಇಂಚಿನ ಹಲಗೆ ಸಾಕು. ಎರಡು ಹಲಗೆಗಳ ನಡುವೆ 14 ಇಂಚು ಬಿಡಿ, ಅದಕ್ಕಿಂತ ಹೆಚ್ಚಾದರೆ ಬಟ್ಟೆಯ ಗುಡ್ಡೆ ವಾಲಿ ಬೀಳುತ್ತದೆ. ಕೌದಿ, ರಗ್ಗುಗಳಿಗೆ ಕೆಳಗಿನ ಖಾನೆ 20 ಇಂಚು ಎತ್ತರ ಇರಲಿ.

ಅಳತೆಯನ್ನು ಗೋಡೆಯಿಂದ ಶುರು ಮಾಡಬೇಡಿ, ಶೀಟಿನಿಂದ ಶುರು ಮಾಡಿ. ಖರ್ಚು ಉಳಿಯುವುದು ಇಲ್ಲಿಯೇ. ಕದಕ್ಕೆ ಬಳಸುವ ಬ್ಲಾಕ್‌ಬೋರ್ಡ್ (ಒಳಗೆ ಕಟ್ಟಿಗೆ ಪಟ್ಟಿ ಜೋಡಿಸಿದ ಶೀಟು) ಬರುವುದು 8 ಫೂಟು ಉದ್ದ, 4 ಫೂಟು ಅಗಲ, ಅಂದರೆ 96 ಮತ್ತು 48 ಇಂಚು. ಗರಗಸದ ಹಲ್ಲು ಪ್ರತಿ ಕೊಯ್ತಕ್ಕೆ ಸುಮಾರು 3 ಮಿ.ಮೀ. ತಿನ್ನುತ್ತದೆ. ಉದ್ದುದ್ದ ಮೂರು ಕೊಯ್ತ ಹಾಕಿದರೆ 12 ಇಂಚಿಗೆ ಕೂದಲೆಳೆ ಕಡಿಮೆಯ ನಾಲ್ಕು ಪಟ್ಟಿ ಬರುತ್ತವೆ. ಒಂದೊಂದು ಪಟ್ಟಿಯನ್ನು 78 ಇಂಚಿಗೆ ಅಡ್ಡ ಕೊಯ್ದರೆ ಕೆಳಗಿನ ದೊಡ್ಡ ಕದ ಒಂದು, ಉಳಿದ ಹದಿನೇಳುಮುಕ್ಕಾಲು ಇಂಚಿನಲ್ಲಿ ಮೇಲಿನ ಅಟ್ಟದ ಕದ ಒಂದು. ಒಂದೇ ಶೀಟಿನಲ್ಲಿ ಎಂಟೂ ಕದ ಮುಗಿದವು, ಚೂರೂ ಉಳಿಯಲಿಲ್ಲ. ಈ ಕದಗಳಿಗೆ ತಕ್ಕಂತೆ ಚೌಕಟ್ಟು ಮಾಡಿ: 2 ಇಂಚು ಅಗಲದ ನಿಲುಗಂಬ ಮೂರು, ನಡುವೆ ಜೋಡಿ ಕದ ಕೂರುವ ಇಪ್ಪತ್ನಾಲ್ಕೂಕಾಲು ಇಂಚಿನ ಬಾಯಿ ಎರಡು. ಕೂಡಿದರೆ ಐವತ್ನಾಲ್ಕೂವರೆ ಇಂಚು. ಬಾಯಿಯ ಎತ್ತರ ಕೆಳಗೆ ಎಪ್ಪತ್ತೆಂಟೂಕಾಲು, ಮೇಲೆ 18 ಇಂಚು. ಕೆಳಗಿನ 4 ಇಂಚು ಕಟ್ಟೆ, ಕಲ್ಲು, ಮೂರು ಅಡ್ಡಪಟ್ಟಿ ಎಲ್ಲ ಸೇರಿ ಒಟ್ಟು ಎತ್ತರ 9 ಫೂಟಿಗೆ ಒಂದಿಂಚು ಕಡಿಮೆ. ಚೌಕಟ್ಟು ಸೇರಿ ಗೋಡೆಯಿಂದ ಮುಂದೆ ಬರುವುದು ಇಪ್ಪತ್ನಾಲ್ಕೂವರೆ ಇಂಚು. ಕದ ಅಗಲ ಇಲ್ಲದ್ದರಿಂದ ಮಂಚಕ್ಕೂ ಅಲಮಾರಿಗೂ ನಡುವೆ ಎರಡು ಫೂಟು ಇದ್ದರೂ ನಡೆಯುತ್ತದೆ. ಜಾರುವ ಕದದ ಆಸೆ ಬಿಡಿ. ನಮ್ಮ ಬೇಸಿಗೆಯ ಧೂಳು ಕೆಳಗಿನ ಹಳಿಯಲ್ಲಿ ತುಂಬಿಕೊಂಡರೆ ಅದು ಜಾರುವುದಿಲ್ಲ, ಎಳೆದಾಡಬೇಕಾಗುತ್ತದೆ.

ಜಾಗ ಆರಿಸುವಾಗ ಬಚ್ಚಲಮನೆಯ ಗೋಡೆಗೆ ಬೆನ್ನು ಕೊಡಬೇಡಿ. ಬೇರೆ ದಾರಿಯೇ ಇಲ್ಲವಾದರೆ ಮೊದಲು ಆ ಕಡೆಯ ನೀರಿನ ಸೋರಿಕೆ ನಿಲ್ಲಿಸಿ. ಕೋಣೆಯ ಮೂಲೆ ಸಿಕ್ಕರೆ ಒಂದು ಬದಿಗೆ ಗೋಡೆ ತಯಾರೇ ಇರುತ್ತದೆ, ಇನ್ನೊಂದು ಬದಿಗೆ ನಾಲ್ಕೂವರೆ ಇಂಚಿನ ಇಟ್ಟಂಗಿ ಗೋಡೆ ಏರಿಸಬೇಕು. ಅದಕ್ಕೆ 75ರಿಂದ 80 ಇಟ್ಟಂಗಿ, ಕೆಳಗಿನ ಕಟ್ಟೆಗೂ ಸೇರಿ ನೂರು ತಂದರೆ ಸಾಕು. ಸಿಮೆಂಟ್ ಎರಡು ಚೀಲ ತಂದರೆ ಉಳಿಯುತ್ತದೆ. ಇಷ್ಟು ತೆಳ್ಳನೆಯ ಗೋಡೆ ಒಂಟಿಯಾಗಿ ನಿಂತರೆ ಮುಂದೆ ಸೀಳು ಬಿಡುತ್ತದೆ. ನಾಲ್ಕೈದು ಸಾಲಿಗೊಮ್ಮೆ ಹಿಂದಿನ ಗೋಡೆಗೆ ತೂತು ಹಾಕಿ 6 ಮಿ.ಮೀ. ಸರಳು ತುರುಕಿ, ಅದರ ಇನ್ನೊಂದು ತುದಿಯನ್ನು ಹೊಸ ಸಾಲಿನೊಳಗೆ ಹೂಳಿಸಿ. ಗಿಲಾವು ಆದ ಮೇಲೆ ಒಳ ಅಗಲ ಐವತ್ನಾಲ್ಕೂವರೆ ಇಂಚು ಬರಬೇಕು, ಇಟ್ಟಂಗಿಯಿಂದ ಇಟ್ಟಂಗಿಗೆ ಅಲ್ಲ. ಈ ಒಂದು ಮಾತನ್ನು ಗೌಂಡಿಗೆ ಎರಡು ಸಲ ಹೇಳಿ. ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಟೇಪು ಹಿಡಿದು ನೋಡಿ, ಮೂಲೆ ನೇರವಾಗಿದೆಯೇ ಎಂದು ಗುನ್ಯಾ (ಮೂಲೆಮಟ್ಟ) ಹಚ್ಚಿಸಿ.

ಕಲ್ಲಿನ ಲೆಕ್ಕ ಹೀಗೆ. ತಳಕ್ಕೆ ಒಂದು, 55 ಇಂಚು ಉದ್ದ. ಅಟ್ಟಕ್ಕೆ ಒಂದು, ಎರಡೂ ಗೋಡೆಯೊಳಗೆ ಒಂದೂವರೆ ಇಂಚು ಸೇರಬೇಕಾದ್ದರಿಂದ ಐವತ್ತೇಳೂವರೆ ಇಂಚು. ನಡುವೆ ನಿಲ್ಲಿಸುವ ಕಲ್ಲು ಒಂದು, 80 ಇಂಚು ಎತ್ತರ. ಈ ಮೂರರ ಅಗಲವೂ 22 ಇಂಚು. ಮಡಚುವ ಬಟ್ಟೆಯ ಹಲಗೆ ನಾಲ್ಕು, 28 ಇಂಚು ಉದ್ದ, 16 ಇಂಚು ಅಗಲ. ಒಟ್ಟು 42 ಚದರ ಫೂಟಿನ ಆಸುಪಾಸು, ಒಡಕು ತಡಕು ಹಿಡಿದು 45 ತನ್ನಿ. ದಪ್ಪ ಎಲ್ಲದಕ್ಕೂ ಒಂದು ಇಂಚು, ಅಂದರೆ 25 ಮಿ.ಮೀ. ಕಲ್ಲಿನ ದರದ ಜೊತೆಗೆ ಕೊಯ್ತ, ಅಂಚಿನ ಪಾಲಿಶ್, ಹಮಾಲಿ ಬೇರೆ ಬೇರೆ ಹಾಕುತ್ತಾರೆ. ನಾಲ್ಕನ್ನೂ ಕೂಡಿಸಿ ಕೇಳಿ, ಆಗ ಮಾತ್ರ ಎರಡು ಕಲ್ಲಿನ ಅಡ್ಡೆಗಳ ದರ ಹೋಲಿಸಲು ಬರುತ್ತದೆ.

ಕಲ್ಲು ಆರಿಸುವುದಕ್ಕೆ ಒಂದು ನಾಣ್ಯ, ಒಂದು ತಂಬಿಗೆ ನೀರು ಸಾಕು. ನಾಣ್ಯದಿಂದ ತಟ್ಟಿದರೆ ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಸೀಳು ಇದ್ದದ್ದು ಮಡಕೆ ಒಡೆದಂತೆ ಮಂಕಾಗಿ ಸದ್ದು ಮಾಡುತ್ತದೆ. ಮೇಲೆ ನೀರು ಚಿಮುಕಿಸಿ ಒಣಗಲು ಬಿಡಿ. ಎಲ್ಲ ಕಡೆ ಒಣಗಿದ ಮೇಲೂ ಒಂದು ಗೆರೆ ಮಾತ್ರ ಕಪ್ಪಗೆ ಉಳಿದರೆ ಅದು ಸೀಳು. ಫರಸಿ ಪದರು ಪದರಾಗಿ ಹುಟ್ಟಿದ ಕಲ್ಲು, ಅಂಚಿನಲ್ಲಿ ಪದರು ಎದ್ದದ್ದು ಬೇಡ. ಮುಂದಿನ ಅಂಚನ್ನು ದುಂಡಗೆ ಪಾಲಿಶ್ ಮಾಡಿಸಲೇಬೇಕು. ಇಳಕಲ್ ಸೀರೆಯ ಸೆರಗು ಒರಟು ಅಂಚಿಗೆ ಸಿಕ್ಕರೆ ಎಳೆ ಕಿತ್ತೇ ಬರುತ್ತದೆ.

ಒಂದು ಇಂಚು ದಪ್ಪದ ಕಲ್ಲು ಚದರ ಫೂಟಿಗೆ ಸುಮಾರು 6 ಕಿಲೋ ತೂಗುತ್ತದೆ. ನಿಲ್ಲಿಸುವ ಕಲ್ಲೊಂದೇ 75 ಕಿಲೋ ಹತ್ತಿರ, ಕಲ್ಲೆಲ್ಲ ಸೇರಿ 250. ನೆಲಮಹಡಿಯಲ್ಲಿ ಇದು ಚಿಂತೆಯಲ್ಲ. ಮೇಲಿನ ಮಹಡಿಯಾದರೆ ಕೆಳಗೆ ಗೋಡೆಯೋ ತೊಲೆಯೋ ಇರುವ ಜಾಗ ಆರಿಸಿ, ಹೊರಚಾಚಿದ ಸ್ಲ್ಯಾಬಿನ ಮೇಲೆ ಅಂತೂ ಬೇಡ. ಮನೆ ಕಟ್ಟಿಸಿದ ಇಂಜಿನಿಯರಿಗೆ ಒಂದು ಮಾತು ಕೇಳಿ.

ಜೋಡಿಸುವ ಕ್ರಮ ತಪ್ಪಿದರೆ ಕಿತ್ತು ಮತ್ತೆ ಕಟ್ಟಬೇಕು. ಮೊದಲು ಇಟ್ಟಂಗಿ ಕಟ್ಟೆ, ಅದರ ಮೇಲೆ ತಳದ ಕಲ್ಲು, ರಸಮಟ್ಟ ಇಟ್ಟು ನೋಡಿ. ಆಮೇಲೆ ನಡುವಿನ ಕಲ್ಲು. ಹಿಂದಿನ ಗೋಡೆಯಲ್ಲಿ ಕಟರಿನಿಂದ ಒಂದಿಂಚು ಗಾಡಿ (ಕಲ್ಲಿನ ಅಂಚು ಕೂರುವ ಸೀಳು) ಕೊರೆದು ಅದರೊಳಗೆ ಕೂರಿಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕಿನ ಗಾರೆ ತುಂಬಿಸಿ. ಅದರ ತಲೆಯ ಮೇಲೆ ಅಟ್ಟದ ಕಲ್ಲು ಅಖಂಡವಾಗಿ ಕೂರಬೇಕು. ಅಟ್ಟಕ್ಕೆ ಎರಡು ತುಂಡು ಜೋಡಿಸಿದರೆ ಒಂದಿಂಚಿನ ಕಲ್ಲಿನ ಮೇಲೆ ಅರ್ಧರ್ಧ ಇಂಚು ಮಾತ್ರ ಆಧಾರ ಸಿಗುತ್ತದೆ. ಅಷ್ಟು ಸಾಲದು, ಎರಡೂ ಕಡೆ ಕಬ್ಬಿಣದ ಆಂಗಲ್ (ಎಲ್ ಆಕಾರದ ಪಟ್ಟಿ) ಕೊಡಬೇಕಾಗುತ್ತದೆ. ನಾಲ್ಕು ಹಲಗೆಗಳ ಒಂದು ತುದಿ ಗೋಡೆಯ ಗಾಡಿಯಲ್ಲಿ, ಇನ್ನೊಂದು ತುದಿ ನಡುಗಲ್ಲಿಗೆ ಬೋಲ್ಟ್ ಮಾಡಿದ 25 ಮಿ.ಮೀ. ಆಂಗಲ್ ಮೇಲೆ. ಒಂದೊಂದು ಆಂಗಲಿಗೆ 6 ಮಿ.ಮೀ. ಬೋಲ್ಟು ಮೂರು, ಆಚೆ ಬದಿಗೆ ಅಗಲ ವಾಷರ್. ಕಲ್ಲಿಗೆ ತೂತು ಹಾಕುವಾಗ ಡ್ರಿಲ್ಲಿನ ಹ್ಯಾಮರ್ ಬಂದ್ ಇರಲಿ, ಅಂಚಿನಿಂದ ಎರಡು ಇಂಚು ಒಳಗಿರಲಿ. ಆತುರದಲ್ಲಿ ಹ್ಯಾಮರ್ ಹಚ್ಚಿದರೆ ಕಲ್ಲು ಆಗಲೇ ಒಡೆಯದೆ ಆರು ತಿಂಗಳ ಮೇಲೆ ಬಟ್ಟೆಯ ಭಾರಕ್ಕೆ ಒಡೆಯುತ್ತದೆ, ಆಗ ಕಾರಣ ಯಾರಿಗೂ ತಿಳಿಯುವುದಿಲ್ಲ.

ನಾಲ್ಕೂವರೆ ಇಂಚಿನ ಹೊಸ ಗೋಡೆಯಲ್ಲಿ ಗಾಡಿಯನ್ನು ಕೊರೆಯುವ ಬದಲು ಕಟ್ಟುವಾಗಲೇ ಕಲ್ಲನ್ನು ಇಟ್ಟಂಗಿ ಸಾಲಿನ ನಡುವೆ ಇಡಿಸಿ. ಕಲಬುರಗಿಯ ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಅದರೊಂದಿಗೆ ಗೋಡೆಯೂ ಆಡುತ್ತದೆ. ನಿಮ್ಮ ಗೋಡೆಯಲ್ಲಿ ಪ್ರತಿ ಬೇಸಿಗೆಗೆ ಬಾಯಿ ಬಿಡುವ ಸೀಳು ಇದ್ದರೆ ಅಟ್ಟದ ಕಲ್ಲನ್ನು ಎರಡೂ ಕಡೆ ಬಿಗಿಯಬೇಡಿ. ಒಂದು ಕಡೆ ಗಾರೆ, ಇನ್ನೊಂದು ಕಡೆ ಆಂಗಲ್ ಮೇಲೆ ಸುಮ್ಮನೆ ಕೂತಿರಲಿ. ಬೀದರಿನ ಜಂಬಿಟ್ಟಿಗೆ ಗೋಡೆಯಲ್ಲಿ ತೊಂದರೆ ಬೇರೆ ತರಹದ್ದು. ಆ ಕಲ್ಲಿನಲ್ಲೇ ತೂತುಗಳಿರುವುದರಿಂದ ಪ್ಲಗ್ಗು ಸಡಿಲಾಗುತ್ತದೆ, ತೂತನ್ನು ದೊಡ್ಡದು ಮಾಡಿ ಗಾರೆ ತುಂಬಿ ಅದು ಗಟ್ಟಿಯಾದ ಮೇಲೆ ಹೊಸದಾಗಿ ಕೊರೆಯಿರಿ. ಯಾದಗಿರಿ, ಸುರಪುರ ಕಡೆಯ ಗಟ್ಟಿ ಕಲ್ಲಿನ ಗೋಡೆಯಾದರೆ ಕಲ್ಲನ್ನು ಬಿಟ್ಟು ಸಂದಿನ ಗಾರೆಯಲ್ಲಿ ತೂತು ಹಾಕಿ.

ಕಟ್ಟುವುದಕ್ಕೆ ಒಳ್ಳೆಯ ಕಾಲ ದೀಪಾವಳಿ ಮುಗಿದ ಮೇಲೆ. ಏಪ್ರಿಲ್, ಮೇ ಬಿಸಿಲಲ್ಲಿ ಗಾರೆಯ ನೀರು ಗಂಟೆಯೊಳಗೆ ಆರಿಹೋಗುತ್ತದೆ, ಏಳು ದಿನ ಹೊತ್ತುಹೊತ್ತಿಗೆ ನೀರುಣಿಸಲು ನಲ್ಲಿಯಲ್ಲೂ ನೀರಿರುವುದಿಲ್ಲ. ನೀರುಣಿಸಿದ ಮೇಲೆ ಮೂರರಿಂದ ನಾಲ್ಕು ವಾರ ಬಾಯಿ ತೆರೆದು ಒಣಗಲು ಬಿಡಿ. ಒಳಗೋಡೆಗೆ ಬಿಳಿ ಸುಣ್ಣ ಬಳಿಸಿ, ಕತ್ತಲ ಖಾನೆಯಲ್ಲೂ ಬಟ್ಟೆಯ ಬಣ್ಣ ತಿಳಿಯುತ್ತದೆ. ಹಸಿ ಇರುವಾಗಲೇ ಕದ ಹಚ್ಚಿ ಬಟ್ಟೆ ತುಂಬಿದರೆ ಮುಗ್ಗಲು ವಾಸನೆ ಬರುತ್ತದೆ, ರೇಷ್ಮೆಗೆ ಬೂಸಲು ಕಲೆ ಬೀಳುತ್ತದೆ. ದುಡ್ಡು ಸಾಲದಿದ್ದರೆ ಈ ಹಂತದಲ್ಲಿ ನಿಲ್ಲಿಸಿ, ಒಂದು ಪರದೆ ಹಾಕಿ ವರ್ಷ ಕಳೆಯಬಹುದು. ಪ್ಲೈ ಅಲಮಾರಿಯಲ್ಲಿ ಈ ಅನುಕೂಲ ಇಲ್ಲ.

ಚೌಕಟ್ಟಿಗೆ 2 ಇಂಚು ಅಗಲ, ಎರಡೂವರೆ ಇಂಚು ದಪ್ಪದ ಕಟ್ಟಿಗೆ 42 ಫೂಟು ಬೇಕು. ಹಳೇ ಮನೆ ಕೆಡವಿದಾಗ ಬರುವ ಸಾಗವಾನಿ ಸಿಕ್ಕರೆ ಅದೇ ಉತ್ತಮ. ಒಣಗಿ ಒಣಗಿ ಅದು ಇನ್ನು ಸೊಟ್ಟಾಗುವುದಿಲ್ಲ. ಒಳಗಿನ ಮೊಳೆ ಕಿತ್ತಿಸಿಯೇ ರಂದಕ್ಕೆ ಕೊಡಿ. ಗೋಡೆಗೆ ತಾಗುವ ಬದಿಗೆ ಡಾಂಬರು ಬಳಿಸಿ. ಕಲ್ಲನ್ನು ಗೆದ್ದಲು ತಿನ್ನದು ನಿಜ, ಆದರೆ ಕಲ್ಲಿನ ಮೇಲೆ ಮಣ್ಣಿನ ಹಾದಿ ಕಟ್ಟಿಕೊಂಡು ಚೌಕಟ್ಟಿಗೂ ಬಟ್ಟೆಗೂ ಬರುತ್ತದೆ.

ಕದಕ್ಕೆ 19 ಮಿ.ಮೀ. ಬ್ಲಾಕ್‌ಬೋರ್ಡ್, ಅಂಚಿನ ಮೇಲೆ ಐಎಸ್ 1659 (ಬ್ಲಾಕ್‌ಬೋರ್ಡಿನ ಗುಣಮಟ್ಟದ ಸಂಖ್ಯೆ) ಮುದ್ರೆ ನೋಡಿ. ಆರೂವರೆ ಫೂಟು ಎತ್ತರದ ಕದ ಪ್ಲೈಯಲ್ಲಿ ಬಿಲ್ಲಿನಂತೆ ಬಾಗುತ್ತದೆ, ಒಳಗೆ ಉದ್ದುದ್ದ ಪಟ್ಟಿಗಳಿರುವ ಬ್ಲಾಕ್‌ಬೋರ್ಡ್ ಅಷ್ಟು ಬಾಗುವುದಿಲ್ಲ. ಪಟ್ಟಿಗಳು ಕದದ ಎತ್ತರಕ್ಕೆ ಓಡಬೇಕು, ಅಡ್ಡಕ್ಕಲ್ಲ. ಪಾರ್ಟಿಕಲ್ ಬೋರ್ಡು ಅಗ್ಗ, ಆದರೆ ಒಮ್ಮೆ ನೀರು ಕುಡಿದರೆ ರೊಟ್ಟಿಯಂತೆ ಉಬ್ಬಿ ಸ್ಕ್ರೂ ಹಿಡಿತ ಬಿಡುತ್ತದೆ. ಸನ್‌ಮೈಕಾ ಎರಡೂ ಬದಿಗೆ ಹಚ್ಚಿಸಿ: ಹೊರಗೆ 1 ಮಿ.ಮೀ., ಒಳಗೆ ತೆಳ್ಳನೆಯದು ಆದೀತು. ಒಳಬದಿ ಬರೀ ಬಿಟ್ಟರೆ ಒಂದು ಮೈ ಗಾಳಿಯ ತೇವ ಹೀರುತ್ತದೆ, ಇನ್ನೊಂದು ಹೀರುವುದಿಲ್ಲ. ಕದ ಸೊಟ್ಟಾಗುವುದು ಹೀಗೆಯೇ, ಬೈಗುಳ ಮಾತ್ರ ಬಡಿಗನಿಗೆ. ಸಾಮಾನ್ಯವಾಗಿ ಕದ ಕೊಯ್ದು ಆಮೇಲೆ ಸನ್‌ಮೈಕಾ ಹಚ್ಚುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಸುತ್ತ ಬಿಡುವ ಹೆಚ್ಚುವರಿ ಅಂಚಿಗೆ ಸನ್‌ಮೈಕಾ ಸಾಲದೆ ಎರಡನೇ ಶೀಟು ತರಬೇಕಾಗುತ್ತದೆ. ಅಖಂಡ ಶೀಟಿಗೇ ಎರಡೂ ಬದಿ ಹಚ್ಚಿ, 24 ಗಂಟೆ ಭಾರ ಹೇರಿ, ಸಣ್ಣ ಹಲ್ಲಿನ ಯಂತ್ರ ಗರಗಸ ಇರುವ ಅಂಗಡಿಯಲ್ಲಿ ಕೊಯ್ಯಿಸಿ. ಫೆವಿಕಾಲ್ ಎರಡು ಕಿಲೋ ಸಾಕು. ಅಂಚುಪಟ್ಟಿ ಹಚ್ಚಿದ ಮೇಲೆ ಕದದ ಸುತ್ತ ಎರಡೂವರೆ ಮಿ.ಮೀ. ಸಂದಿ ಉಳಿಯಬೇಕು. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಕದ ಶ್ರಾವಣದಲ್ಲಿ ತೆರೆಯುವುದಿಲ್ಲ.

ಕದ ತಿರುಗುವ ಬಿಜಾಗ್ರಿ 3 ಇಂಚಿನದು, ಸ್ಟೀಲಿನದೇ ಇರಲಿ. ದೊಡ್ಡ ಕದಕ್ಕೆ ನಾಲ್ಕು, ಚಿಕ್ಕದಕ್ಕೆ ಎರಡು, ಒಟ್ಟು 24. ಭಾರಕ್ಕೆ ಮೂರೂ ಸಾಕು, ನಾಲ್ಕನೆಯದು ಕದ ನೆಟ್ಟಗೆ ಇರಲಿ ಎಂದು. ಅಟ್ಟದ ತಲೆಯ ಮೇಲೆ ಧೂಳಲ್ಲದೆ ಬೇರೇನೂ ಬೀಳದು, 6 ಮಿ.ಮೀ. ಸಿಮೆಂಟ್ ಶೀಟು ಮುಚ್ಚಿಸಿದರೆ ಆಯಿತು. 28 ಇಂಚಿನ ದೊಡ್ಡ ಸೂಟ್‌ಕೇಸ್ ಈ ಅಟ್ಟದಲ್ಲಿ ಹಿಡಿಯುವುದಿಲ್ಲ, ಅದಕ್ಕೆ ಮಂಚದ ಕೆಳಗೇ ಜಾಗ.

ತೂಗುವ ಕೊಳವೆ 25 ಮಿ.ಮೀ. ಸ್ಟೀಲಿನದು, ತಳದ ಕಲ್ಲಿನಿಂದ 66 ಇಂಚು ಎತ್ತರದಲ್ಲಿ, ಗೋಡೆಯಿಂದ 11 ಇಂಚು ಮುಂದೆ. ಎರಡು ಫೂಟು ಕೊಳವೆಯಲ್ಲಿ 20ರಿಂದ 24 ಅಂಗಿ ಹಿಡಿಯುತ್ತವೆ. ಕೆಳಗೆ ಉಳಿಯುವ ಎರಡು ಫೂಟಿನಲ್ಲಿ ಒಂದು ಸಣ್ಣ ತಗಡಿನ ಟ್ರಂಕು ಇಟ್ಟು ಕೀಲಿ ಹಾಕಿದರೆ ಡ್ರಾಯರಿನ ಖರ್ಚು ಉಳಿಯಿತು. ಹಲಗೆ 16 ಇಂಚಿನದಾದ್ದರಿಂದ ಆ ಬದಿಯ ಕದದ ಹಿಂದೆ ಜಾಗ ಉಳಿಯುತ್ತದೆ, ಅಲ್ಲಿ ಕೊಕ್ಕೆ ಹೊಡೆದು ಓಡಣಿ, ಬೆಲ್ಟು ತೂಗಿ.

ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಷ್ಟೇ. ನಿಂಬೆಹಣ್ಣು, ಶೌಚಾಲಯ ತೊಳೆಯುವ ಆಸಿಡ್ ತಾಗಿಸಬೇಡಿ. ಫರಸಿ ಸುಣ್ಣದ ಜಾತಿಯ ಕಲ್ಲು, ಆಸಿಡ್ ಬಿದ್ದ ಕಡೆ ಪಾಲಿಶ್ ತಿಂದುಹೋಗಿ ಬಿಳಿ ಮಚ್ಚೆ ಉಳಿಯುತ್ತದೆ. ಚಳಿಗಾಲದಲ್ಲಿ ಕಲ್ಲು ತಣ್ಣಗಿರುವುದರಿಂದ ರೇಷ್ಮೆ ಸೀರೆಯ ಕೆಳಗೆ ಹಳೇ ಧೋತರದ ಒಂದು ಮಡಿಕೆ ಹಾಸಿ. ಡಾಂಬರು ಗುಳಿಗೆಯನ್ನು ಜರಿಗೆ ತಾಗಿಸದೆ ಅರಿವೆಯಲ್ಲಿ ಕಟ್ಟಿ ಮೂಲೆಗೆ ಇಡಿ. ಮೊದಲ ಮಳೆ ಬಿದ್ದ ವಾರ ಬ್ಯಾಟರಿ ಹಿಡಿದು ಚೌಕಟ್ಟಿನ ಬುಡ ಮತ್ತು ಅಟ್ಟದ ಹಿಂಮೂಲೆ ನೋಡಿ, ಬೆರಳಗಲದ ಮಣ್ಣಿನ ಗೆರೆ ಕಂಡರೆ ಅದನ್ನು ಕೆರೆದು ಸುಮ್ಮನಾಗದೆ ಅದು ನೆಲದಲ್ಲಿ ಎಲ್ಲಿಂದ ಎದ್ದಿದೆಯೋ ಆ ಸಂದಿಗೇ ಔಷಧ ಹಾಕಿಸಿ.