ಮುರುಗಲಿನ ಜೆಲ್ ಕೊನೆಗೂ ಕೆಡದೆ ನಿಂತಿತು

ಮುರುಗಲು (ಪುನರ್ಪುಳಿ) ಸಿಪ್ಪೆಯ ಸಾರದಿಂದ ಮೈಗೆ ಹಚ್ಚುವ ಜೆಲ್ ಮಾಡಹೊರಟಾಗ, ಜೆಲ್ ಗಟ್ಟಿಯಾಗಲು ಹಾಕುವ ಕಾರ್ಬೊಪಾಲ್ ಪುಡಿ ಬಿಟ್ಟರೆ ಗಂಜಿಯಾಗುತ್ತದೆಯೇ ಹೊರತು ಜೆಲ್ ಆಗುವುದಿಲ್ಲ ಎಂದು ನಕ್ಕವರು ಶಿರಸಿಗೆ ಬಂದಾಗ ನಮ್ಮ ಮನೆಗೂ ಬರಲಿ. ಕಳೆದ ಮಳೆಗಾಲದಲ್ಲಿ ತುಂಬಿಸಿಟ್ಟ ಬಾಟಲಿ ಇನ್ನೂ ಕೆಂಪಾಗಿಯೇ ಇದೆ.

ನಾನೂ ಮೊದಲು ಕಾರ್ಬೊಪಾಲ್ 940 ತಂದವನೇ. ಮುರುಗಲು ಸಿಪ್ಪೆಯ ಸಾರ ಬಿದ್ದದ್ದೇ ತಡ, ಜೆಲ್ ನೀರಾಯಿತು. ಹುಳಿಯ ಕೆಲಸ. ಅದನ್ನು ತಗ್ಗಿಸಲು ಟ್ರೈಎಥನಾಲಮೈನ್ ಎಂಬ ಕ್ಷಾರ ಹನಿಸುತ್ತ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6 ದಾಟಿಸಿದೆ. ಗಟ್ಟಿಯೇನೋ ಆಯಿತು, ಆದರೆ ಮಾಣಿಕ್ಯದಂಥ ಬಣ್ಣ ಬದನೆಕಾಯಿ ತೊಳೆದ ನೀರಿನಂತಾಯಿತು. ಹೀಗೆ ಆರೇಳು ಬ್ಯಾಚು, ಹೆಚ್ಚುಕಡಿಮೆ 9,000 ರೂಪಾಯಿ, ಬಚ್ಚಲು ಸೇರಿತು. "ಶರಬತ್ತು ಮಾಡಿದ್ದರೆ ಊರಿಗೆಲ್ಲ ಕುಡಿಸಬಹುದಿತ್ತು" ಎಂದಳು ಹೆಂಡತಿ. ಲೆಕ್ಕ ಹಾಕಿ ನೋಡಿದೆ, ನಿಜವೇ.

ಆಮೇಲೆ ಹುಳಿಯ ತಂಟೆಗೆ ಹೋಗುವುದನ್ನು ಬಿಟ್ಟು, ಹುಳಿಗೆ ಬಗ್ಗದ ಅಂಟು ಹುಡುಕಿದೆ. ಪಿಎಚ್ 4ರ ಆಸುಪಾಸಿನಲ್ಲಿ ಕ್ಸಾಂಥನ್ ಗಮ್, ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಮೊದಲೆರಡು ಸಲ ಸಾಬೂದಾನಿಯಂಥ ಗಂಟುಗಳು. ಗಂಟಾಗದಿರಲು ಗಮ್ಮನ್ನು ಗ್ಲಿಸರಿನ್‌ನಲ್ಲಿ ಕದಡಿ ಹಾಕಬೇಕೆಂಬುದು ಜೆಲ್ ಮಾಡುವವರಿಗೆಲ್ಲ ಗೊತ್ತು. ಅದಕ್ಕೂ ಮೊದಲು ನಾನು ಮಾಡುವ ಒಂದು ಸಣ್ಣ ಕೆಲಸವಿದೆ, ಅದು ನನ್ನ ಬಳಿಯೇ ಇರಲಿ. ಹುಳಿ ಉಳಿದದ್ದರಿಂದ ಇನ್ನೊಂದು ಲಾಭವೂ ಆಯಿತು. ಆಷಾಢದ ಥಂಡಿಗೆ ಮುಚ್ಚಳದಡಿ ಬೂಸಲು ಹಿಡಿಯುತ್ತಿದ್ದ ಜೆಲ್, ಕೆಡದಂತೆ ಕಾಯುವ ಸೋಡಿಯಂ ಬೆಂಜೊಯೇಟ್‌ಗೆ ಸುಮ್ಮನಾಯಿತು. ಪಿಎಚ್ 6ರಲ್ಲಿ ಅದೇ ಬೆಂಜೊಯೇಟ್ ಇದ್ದೂ ಇಲ್ಲದಂತಿತ್ತು.

ಸಾರವನ್ನು ಬರಿಯ ನೀರಿನಲ್ಲಿ ತೆಗೆಯಬೇಡಿ. ಬಣ್ಣ ಬರುತ್ತದೆ, ಆದರೆ ಗಾರ್ಸಿನಾಲ್ ಎಂಬ ಆಂಟಿಆಕ್ಸಿಡೆಂಟ್ ಸಿಪ್ಪೆಯಲ್ಲೇ ಕೂತಿರುತ್ತದೆ. ನಾನು ನೀರಿಗೆ ಎಥನಾಲ್ (ಆಲ್ಕೋಹಾಲ್) ಬೆರೆಸಿ ತೆಗೆದು, ಆಮೇಲೆ ಆ ಎಥನಾಲನ್ನು ಆವಿಯಾಗಿ ಹಾರಿಸುತ್ತೇನೆ. ಪರಿಚಯದ ಕಾಲೇಜಿನ ಲ್ಯಾಬಿನಲ್ಲಿ ಆಂಟಿಆಕ್ಸಿಡೆಂಟ್ ಶಕ್ತಿಯನ್ನು ಅಳೆಯುವ ಡಿಪಿಪಿಎಚ್ ಪರೀಕ್ಷೆ ಮಾಡಿಸಿದಾಗ ಮೊದಲ ದಿನ 80ರ ಹತ್ತಿರವಿದ್ದ ಶೇಕಡಾವಾರು ಮೂರು ತಿಂಗಳಿಗೆ 70ರ ಮೇಲೆಯೇ ಇತ್ತು. ಕಿಟಕಿಯಲ್ಲಿಟ್ಟ ಪಾರದರ್ಶಕ ಬಾಟಲಿಯದು ಮಾತ್ರ ಅರ್ಧಕ್ಕಿಂತ ಕೆಳಗಿಳಿದು, ಬಣ್ಣವೂ ಹೋಗಿತ್ತು. ಕಂದು ಬಾಟಲಿಗೆ ಏಳೆಂಟು ರೂಪಾಯಿ ಹೆಚ್ಚು ಕೊಡಲು ಹಿಂದೆಮುಂದೆ ನೋಡಿದ್ದಕ್ಕೆ ತೆತ್ತ ದಂಡ ಅದು.

ನಡುವೆ ಮುರುಗಲ ತುಪ್ಪವನ್ನೂ (ಅದರ ಬೀಜದ ಗಟ್ಟಿ ಜಿಡ್ಡು) ಜೆಲ್ಲಿಗೆ ಸೇರಿಸುವ ಚಪಲ ಹುಟ್ಟಿತು. ಅದು ಮೇಲೆ ತೇಲಿ, ಮಜ್ಜಿಗೆ ಒಡೆದಂತೆ ಬಿಳಿ ಕಣವಾಯಿತು. ಆ ತುಪ್ಪವನ್ನೇ ಜೇನುಮೇಣದ ಜೊತೆ ಕರಗಿಸಿ ಡಬ್ಬಿಗೆ ಹೊಯ್ದೆ. ಈಗ ನೆಂಟರು ಜೆಲ್ಲನ್ನು ಮೂಸಿ ನೋಡಿ ಕೆಳಗಿಟ್ಟು, ಒಡೆದ ಹಿಮ್ಮಡಿಗೆಂದು ಡಬ್ಬಿಯನ್ನೇ ಕೇಳಿ ಒಯ್ಯುತ್ತಾರೆ. ಆಯಿಯಂತೂ ಮೇಣವೂ ಬೇಡ, ತುಪ್ಪದ ಉಂಡೆಯನ್ನೇ ಕೊಡು ಎನ್ನುತ್ತಾಳೆ.